ಭಜನಿ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಿ ಊರವರಿಗೆ ಹಂಚಲು ಯಾವ ಸಾಫ್ಟ್‌ವೇರ್, ಯಾವ ಫಾರ್ಮ್ಯಾಟ್ ಒಳ್ಳೆಯದು?

ನೀವು ಕೇಳಿದ್ದು ಇಷ್ಟು: ಜೇವರ್ಗಿ ಕಡೆಯ ನಿಮ್ಮೂರಿನ ಭಜನಾ ಮೇಳದವರು ಟೇಪ್ ರಿಕಾರ್ಡರಿನಲ್ಲಿ ಹಿಡಿದಿಟ್ಟ ತತ್ವಪದಗಳ 60 ಕ್ಯಾಸೆಟ್ ಮನೆಯಲ್ಲಿವೆ. ಊರವರಿಗೂ, ಪುಣೆ-ಹೈದರಾಬಾದಿನಲ್ಲಿ ದುಡಿಯುವ ನಿಮ್ಮವರಿಗೂ ಅವು ತಲುಪಬೇಕು. ಸ್ಪೀಕರ್ ಮುಂದೆ ಮೊಬೈಲ್ ಹಿಡಿದು ವಾಟ್ಸಾಪ್ ವಾಯ್ಸ್ ಮೆಸೇಜ್ ಮಾಡಿ ಕಳಿಸಿದರೆ ಹಾರ್ಮೋನಿಯಂ ಮಾಯವಾಯಿತು. ಯಾವ ಸಾಫ್ಟ್‌ವೇರ್ ಹಾಕಬೇಕು? ಯೂಟ್ಯೂಬಿಗೂ ಹಾಕಬಹುದೇ?

ಸಾಫ್ಟ್‌ವೇರ್ ಆಡಾಸಿಟಿ. ಪುಕ್ಕಟೆ ಸಿಗುತ್ತದೆ, ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ, ಹಳೇ ಲ್ಯಾಪ್‌ಟಾಪಿಗೂ ಭಾರವಾಗುವುದಿಲ್ಲ. ಈ ಕೆಲಸಕ್ಕೆ ದುಡ್ಡು ಕೊಟ್ಟು ಬೇರೆ ಯಾವುದನ್ನೂ ಕೊಳ್ಳಬ್ಯಾಡ್ರಿ. ಆದರೆ ಕೆಲಸದ ಮುಕ್ಕಾಲು ಪಾಲು ಇರುವುದು ಟೇಪನ್ನು ಸರಿಯಾಗಿ ಓಡಿಸುವುದರಲ್ಲಿ. ಅಲ್ಲಿ ಕೆಟ್ಟದ್ದನ್ನು ಯಾವ ಸಾಫ್ಟ್‌ವೇರೂ ತಿದ್ದುವುದಿಲ್ಲ.

ಹಾರ್ಮೋನಿಯಂ ಎಲ್ಲಿ ಹೋಯಿತು ಅಂದರೆ, ವಾಯ್ಸ್ ಮೆಸೇಜ್ ಇರುವುದೇ ಮಾತಿಗೆ. ಒಂದೇ ಸಮನೆ ಬರುವ ಸದ್ದನ್ನೆಲ್ಲ ಫೋನು ಫ್ಯಾನಿನ ಸದ್ದೆಂದು ತಿಳಿದು ಒತ್ತಿಬಿಡುತ್ತದೆ. ಹಾರ್ಮೋನಿಯಂನ ಎಳೆದ ಸ್ವರವೂ ಏಕತಾರಿಯ ಶ್ರುತಿಯೂ ಅದರ ಲೆಕ್ಕದಲ್ಲಿ ಗದ್ದಲವೇ. ವಿಂಡೋಸ್ ಲ್ಯಾಪ್‌ಟಾಪಿನಲ್ಲೂ ಇದೇ ಕಾಟವಿದೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಸಾಧನದೊಳಗೆ ಹೋಗಿ ‘ಆಡಿಯೋ ಎನ್‌ಹಾನ್ಸ್‌ಮೆಂಟ್ಸ್’ ಆಫ್ ಮಾಡ್ರಿ, ‘ಮೈಕ್ರೋಫೋನ್ ಬೂಸ್ಟ್’ ಇದ್ದರೆ ಸೊನ್ನೆಗೆ ಇಳಿಸ್ರಿ. ಇದನ್ನು ಬಿಟ್ಟು ಶುರು ಮಾಡಿದವರು ಎಲ್ಲಾ ಕ್ಯಾಸೆಟ್ ಮುಗಿದ ಮೇಲೆ ಮತ್ತೆ ಮೊದಲಿನಿಂದ ಹೊರಡಬೇಕಾಗುತ್ತದೆ.

ಇನ್ನು ಕ್ಯಾಸೆಟ್. ಕೈಗೆ ತಗೊಂಡ ತಕ್ಷಣ ಬೆನ್ನ ಮೇಲಿನ ಎರಡೂ ಪ್ಲಾಸ್ಟಿಕ್ ಹಲ್ಲು ಮುರಿದುಬಿಡ್ರಿ. ಅವು ಇರುವ ತನಕ ಯಾರೋ ತಪ್ಪಿ ಕೆಂಪು ರಿಕಾರ್ಡ್ ಗುಂಡಿ ಒತ್ತಿದರೂ ಪದ (ಹಾಡು) ಅಳಿಸಿಹೋಗುತ್ತದೆ. ಆಮೇಲೆ ಪ್ರತಿಯೊಂದನ್ನೂ ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಸುತ್ತಿಸ್ರಿ. ವರ್ಷಗಟ್ಟಲೆ ಟ್ರಂಕಿನಲ್ಲಿ ಬಿದ್ದ ರೀಲಿನ ಸುತ್ತು ಏರುಪೇರಾಗಿರುತ್ತದೆ, ಹಾಗೇ ಹಾಕಿದರೆ ಅಲ್ಲಲ್ಲಿ ಹಿಡಿದು ದನಿ ಅಲುಗುತ್ತದೆ. ನಮ್ಮ ಕಡೆ ಬ್ಯಾಸಿಗಿ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಈ ಕೆಲಸ ಬ್ಯಾಡ, ಬೆಳಿಗ್ಗೆ ಹೊತ್ತು ಮಾಡ್ರಿ. ರೀಲಿನ ಅಂಚಿಗೆ ಬಿಳಿ ಬೂಷ್ಟು ಕಂಡ ಕ್ಯಾಸೆಟ್ಟನ್ನು ಬೇರೆ ಇಡ್ರಿ, ಅದನ್ನು ಹಾಕಿದ ಮಷಿನಿನಿಂದ ಉಳಿದವಕ್ಕೂ ಹತ್ತುತ್ತದೆ. ದನಿ ಸಣ್ಣಗಾಗಿ ಬಂದುಹೋಗಿ ಮಾಡುತ್ತಿದ್ದರೆ ರೀಲಿನ ಹಿಂದಿರುವ ಸಣ್ಣ ಒತ್ತುಪಟ್ಟಿ ಉದುರಿದೆ ಅಂತ ತಿಳೀರಿ. ಬೇಡವಾದ ಒಂದು ಕ್ಯಾಸೆಟ್ಟಿನ ತಿರುಪು ಬಿಚ್ಚಿ, ಅದರ ಪೆಟ್ಟಿಗೆಗೆ ನಿಮ್ಮ ರೀಲನ್ನು ಬದಲಿಸಿದರೆ ಸಾಕು. ಹರಿದ ರೀಲಿಗೆ ಸಾದಾ ಸೆಲ್ಲೋ ಟೇಪ್ ಮಾತ್ರ ಹಚ್ಚಬ್ಯಾಡ್ರಿ, ಅಂಟು ಸೋರಿ ಹೆಡ್ಡಿಗೆ, ಅಂದರೆ ರೀಲಿನಿಂದ ದನಿ ಓದುವ ಭಾಗಕ್ಕೆ, ಮೆತ್ತುತ್ತದೆ.

ಓಡಿಸಲು ಹಳೇ ಗಟ್ಟಿ ಟೇಪ್ ಡೆಕ್ಕೋ ಟೂ-ಇನ್-ಒನ್ನೋ ಹುಡುಕ್ರಿ. ಯುಎಸ್‌ಬಿ ವೈರಿನ ಜೊತೆ ಆನ್‌ಲೈನ್‌ನಲ್ಲಿ ಮಾರುವ ಅಂಗೈಯಗಲದ ಕ್ಯಾಸೆಟ್ ಪ್ಲೇಯರ್ ಬ್ಯಾಡ. ಅವುಗಳ ಮೋಟಾರು ಸಮವಾಗಿ ತಿರುಗುವುದಿಲ್ಲ, ಹಾರ್ಮೋನಿಯಂನ ಉದ್ದ ಸ್ವರ ನಡುಗುವುದು ಎದ್ದು ಕೇಳುತ್ತದೆ. ಹಳೇ ಮಷಿನಿನಲ್ಲಿ ಸಾಮಾನ್ಯವಾಗಿ ಸೋತಿರುವುದು ರಬ್ಬರ್ ಬೆಲ್ಟು. ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಹಳೇ ರೇಡಿಯೋ-ಟೇಪ್ ರಿಪೇರಿಯವರನ್ನು ವಿಚಾರಿಸ್ರಿ, ಹಳೇ ಬೆಲ್ಟಿನ ಅಳತೆ ಕೊಟ್ಟರೆ ಹಾಕಿಕೊಡುತ್ತಾರೆ. ಹೆಡ್ಡನ್ನೂ ರೀಲು ಎಳೆಯುವ ಲೋಹದ ಗೂಟವನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸ್ರಿ. ರಬ್ಬರ್ ಉರುಳೆಗೆ ಒದ್ದೆ ಬಟ್ಟೆ ಸಾಕು, ಆಲ್ಕೋಹಾಲ್ ಅದನ್ನು ಒಣಗಿಸುತ್ತದೆ. ನಾಲ್ಕೈದು ಕ್ಯಾಸೆಟ್ಟಿಗೊಮ್ಮೆ ಮತ್ತೆ ಒರೆಸಬೇಕು, ಹಳೇ ರೀಲು ಕಂದು ಪುಡಿ ಬಿಡುತ್ತಲೇ ಇರುತ್ತದೆ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದದ್ದು ಹೆಡ್ಡಿನ ಓರೆ, ಅಂದರೆ ಅಜಿಮತ್. ರಿಕಾರ್ಡ್ ಮಾಡಿದ ಮಷಿನಿನ ಹೆಡ್ಡು ಯಾವ ಕೋನದಲ್ಲಿತ್ತೋ ನುಡಿಸುವ ಹೆಡ್ಡೂ ಅದೇ ಕೋನದಲ್ಲಿರಬೇಕು. ಕೂದಲೆಳೆಯಷ್ಟು ಓರೆಯಾದರೂ ಮೇಲಿನ ಸ್ವರಗಳು ಸತ್ತು, ಕಂಬಳಿ ಹೊದಿಸಿದಂಥ ದನಿ ಬರುತ್ತದೆ. ಎಷ್ಟೋ ಜನ ಇದನ್ನೇ ‘ಕ್ಯಾಸೆಟ್ ಹಳೇದಾಗಿದೆ’ ಅಂದುಕೊಂಡು ಬಿಟ್ಟುಬಿಡುತ್ತಾರೆ. ಹೆಡ್ಡಿನ ಎರಡು ಬದಿ ಎರಡು ತಿರುಪು ಇರುತ್ತವೆ. ಸ್ಪ್ರಿಂಗ್ ಇರುವುದು, ಬಹಳ ಸಲ ತಲೆಗೆ ಬಣ್ಣ ಹಚ್ಚಿದ್ದು, ತಿರುಗಿಸುವ ತಿರುಪು. ಟೇಪ್ ಓಡುತ್ತಿರುವಾಗಲೇ ಸಣ್ಣ ಸ್ಕ್ರೂಡ್ರೈವರ್ ತಲುಪಲೆಂದು ಅನೇಕ ಮಷಿನುಗಳಲ್ಲಿ ತೂತು ಕೊಟ್ಟಿರುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ತಾಳದ ಸದ್ದಿಗೆ ಕಿವಿ ಇಡ್ರಿ. ಭಜನಿ ಟೇಪಿನಲ್ಲಿ ಇದಕ್ಕೆ ತಾಳದಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ. ತಿರುಪನ್ನು ಕಾಲು ಸುತ್ತಿನೊಳಗೆ ಅತ್ತಿತ್ತ ಆಡಿಸುತ್ತ, ‘ಠಪ್ ಠಪ್’ ಅನ್ನುತ್ತಿದ್ದ ತಾಳ ‘ಝಣ್’ ಅಂತ ಬಿಚ್ಚಿಕೊಳ್ಳುವ ಜಾಗದಲ್ಲಿ ನಿಲ್ಲಿಸ್ರಿ. ದಮ್ಮಡಿಯ ಗೆಜ್ಜೆಯೂ, ಹಾಡಿನೊಳಗಿನ ಸಕಾರ ಶಕಾರಗಳೂ ಜೊತೆಗೇ ತಿಳಿಯಾಗುತ್ತವೆ. ಬೇರೆ ಬೇರೆ ಮಷಿನಿನಲ್ಲಿ ತುಂಬಿಸಿದ ಕ್ಯಾಸೆಟ್ಟುಗಳಿದ್ದರೆ ಪ್ರತಿ ಸಲವೂ ಹೀಗೆ ಮಾಡಬೇಕು. ಕಂಪನಿ ಕ್ಯಾಸೆಟ್ ಒಂದನ್ನು ಹತ್ತಿರ ಇಟ್ಟುಕೊಂಡರೆ ಕೊನೆಗೆ ತಿರುಪನ್ನು ಮೂಲ ಜಾಗಕ್ಕೆ ತರಲು ಅನುಕೂಲ.

ಲ್ಯಾಪ್‌ಟಾಪಿಗೆ ಜೋಡಿಸುವಾಗ ಅದರ ಒಂದೇ ತೂತಿನ ಜಾಕ್ ನಂಬಬ್ಯಾಡ್ರಿ, ಅದು ಮೈಕಿನದು. ಲೈನ್-ಇನ್ (ಟೇಪಿನಂಥ ಜೋರು ಸಿಗ್ನಲ್ ತಗೊಳ್ಳುವ ತೂತು) ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಬೇಕು. ಬೆಹ್ರಿಂಗರ್ ಯುಸಿಎ 202 ಅಥವಾ 222 ಈ ಕೆಲಸಕ್ಕೆ ಧಾರಾಳ ಸಾಕು. ಬೆಂಡಿನಂಥ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡಿನಲ್ಲಿ ಬಹುತೇಕ ಇರುವುದು ಮೈಕ್ ತೂತು ಮಾತ್ರ, ಟೇಪಿನ ಜೋರು ಸಿಗ್ನಲ್ ಅದರಲ್ಲಿ ಒಡೆದು ಕರಕರ ಅನ್ನುತ್ತದೆ. ಡೆಕ್ಕಿನಲ್ಲಿ ಲೈನ್-ಔಟ್ ಇದ್ದರೆ ಅದರಿಂದಲೇ ತಗೊಳ್ರಿ. ಇಲ್ಲದಿದ್ದರೆ ಹೆಡ್‌ಫೋನ್ ತೂತಿನಿಂದ, ವಾಲ್ಯೂಮ್ ಮೂರನೇ ಒಂದು ಭಾಗಕ್ಕಿಟ್ಟು, ಬೇಸ್ ಬೂಸ್ಟ್ ಆಫ್ ಮಾಡಿ. ‘ಗುಂಯ್’ ಅನ್ನುವ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸ್ರಿ. ಅದು ಅರ್ಥಿಂಗ್ ಸರಿ ಇಲ್ಲದ ಕಡೆ ನುಸುಳುವ 50 ಹರ್ಟ್ಸ್ ಕರೆಂಟಿನ ಸದ್ದು, ಬಹುಪಾಲು ಸಲ ಅಲ್ಲಿಗೇ ಸತ್ತುಹೋಗುತ್ತದೆ. ನಡುವೆ ಕರೆಂಟ್ ಹೋದರೂ ಲ್ಯಾಪ್‌ಟಾಪ್ ನಿಲ್ಲುವುದಿಲ್ಲ ಅನ್ನುವ ಲಾಭ ಬೇರೆ.

ಆಡಾಸಿಟಿಯಲ್ಲಿ ಸ್ಯಾಂಪಲ್ ರೇಟ್ 44100 ಹರ್ಟ್ಸ್ ಇಡ್ರಿ. ಕ್ಯಾಸೆಟ್ಟಿಗೆ 96000 ಅನ್ನುವುದು ಡಿಸ್ಕ್ ತುಂಬಿಸುವ ಕೆಲಸ. ಅತಿ ಜೋರಾದ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬಲ್ ದಾಟಬಾರದು. ಭಜನಿಯಲ್ಲಿ ಮೊದಲ ಪದ ಮೆತ್ತಗೆ ಶುರುವಾಗಿ ಮೇಳ ಏರುತ್ತಾ ಹೋಗುತ್ತದೆ, ಆದ್ದರಿಂದ ಲೆವೆಲನ್ನು ಬದಿಯ ಕೊನೆಯ ಹಾಡು ಕೇಳಿ ಹೊಂದಿಸ್ರಿ. ಒಂದು ಬದಿ ಒಂದೇ ಉಸಿರಿಗೆ ರಿಕಾರ್ಡ್ ಆಗಲಿ, ಸಿ-60ರಲ್ಲಿ ಅದು 30 ನಿಮಿಷ, ಸಿ-90ರಲ್ಲಿ 45. ಆಮೇಲೆ ಕಂಟ್ರೋಲ್-ಬಿ ಒತ್ತಿ ಪ್ರತಿ ಪದದ ಆರಂಭಕ್ಕೆ ಲೇಬಲ್ ಹಾಕಿದರೆ, ಎಕ್ಸ್‌ಪೋರ್ಟ್ ಮಾಡುವಾಗ ಲೇಬಲ್ ಪ್ರಕಾರ ಬೇರೆ ಬೇರೆ ಫೈಲ್ ತಾನೇ ಆಗುತ್ತದೆ.

ಊರಿನ ಟೇಪುಗಳಲ್ಲಿ ಒಂದು ವಿಶೇಷ ದೋಷ ಬಹಳ. ರಾತ್ರಿಯಿಡೀ ಬ್ಯಾಟರಿ ಸೆಲ್ ಮೇಲೆ ರಿಕಾರ್ಡ್ ಮಾಡಿರುತ್ತಾರೆ. ಸೆಲ್ ಇಳಿಯುತ್ತಾ ಹೋದಂತೆ ಮಷಿನು ನಿಧಾನವಾಗಿರುತ್ತದೆ, ಈಗ ಸರಿಯಾದ ವೇಗದಲ್ಲಿ ನುಡಿಸಿದರೆ ಕೊನೆಕೊನೆಗೆ ದನಿ ತೆಳ್ಳಗಾಗಿ ಓಡುತ್ತದೆ. ಇದನ್ನು ಹಿಡಿಯಲು ಹಾರ್ಮೋನಿಯಂ ಇದೆಯಲ್ಲ! ಅದರ ಶ್ರುತಿ ಒಂದು ರಾತ್ರಿಯಲ್ಲಿ ಬದಲಾಗುವುದಿಲ್ಲ. ಮೊದಲ ಪದ ಕಾಳಿ ಒಂದರಲ್ಲಿದ್ದು (ಕಾಳಿ ಅಂದರೆ ಹಾರ್ಮೋನಿಯಂನ ಕಪ್ಪು ಮನೆ) ಕೊನೆಯದು ಕಾಳಿ ಎರಡಕ್ಕೆ ಹತ್ತಿರ ಕೇಳಿದರೆ ವೇಗ ಏರಿದೆ ಅನ್ನುವ ಗುಮಾನಿ ಇಟ್ಟುಕೊಳ್ರಿ. ಹಾಡುವವರೇ ಬದಲಾಗಿ ಶ್ರುತಿ ಎತ್ತಿರಲೂಬಹುದು, ಹಾಗಾಗಿ ಅದೇ ಗಂಟಲನ್ನು ಎರಡೂ ಕಡೆ ಹೋಲಿಸಿ ನೋಡ್ರಿ. ಅರ್ಧ ಸ್ವರದ ವ್ಯತ್ಯಾಸ ಅಂದರೆ ವೇಗದಲ್ಲಿ ಸುಮಾರು ಶೇ. 6. ಪ್ರತಿ ಪದವನ್ನೂ ಬೇರೆಯಾಗಿ ಆರಿಸಿ ‘ಚೇಂಜ್ ಸ್ಪೀಡ್ ಅಂಡ್ ಪಿಚ್’ನಲ್ಲಿ ಅಷ್ಟು ಇಳಿಸ್ರಿ. ಬರೀ ಟೆಂಪೋ ಬದಲಿಸುವ ಎಫೆಕ್ಟ್ ಇಲ್ಲಿ ತಪ್ಪು, ಅದು ಶ್ರುತಿಯನ್ನು ಇದ್ದಲ್ಲೇ ಬಿಡುತ್ತದೆ.

ಟೇಪಿನ ‘ಸ್ಸ್’ ಅನ್ನುವ ಹಿಸ್ ಸದ್ದು ತೆಗೆಯುವ ‘ನಾಯ್ಸ್ ರಿಡಕ್ಷನ್’ 6 ಡೆಸಿಬಲ್‌ಗಿಂತ ಹೆಚ್ಚು ಬ್ಯಾಡ, ಅದೂ ಹಂಚುವ ಪ್ರತಿಗೆ ಮಾತ್ರ. ಹೆಚ್ಚಿಗೆ ಒತ್ತಿದರೆ ತಾಳದ ಬಾಲ ಕತ್ತರಿಸಿಹೋಗುತ್ತದೆ. ನನ್ನನ್ನು ಕೇಳಿದರೆ, ಸ್ವಲ್ಪ ಹಿಸ್ ಇದ್ದರೂ ಪೂರ್ತಿ ತಾಳ ಇರುವುದೇ ಮೇಲು.

ಮೂಲ ಪ್ರತಿಯನ್ನು ಫ್ಲಾಕ್‌ನಲ್ಲಿ (ದನಿ ಒಂದಿಷ್ಟೂ ಕಳೆಯದೆ ಫೈಲ್ ಚಿಕ್ಕದು ಮಾಡುವ ಫಾರ್ಮ್ಯಾಟ್), ಏನೂ ತಿದ್ದದೆ, ಪದಗಳ ನಡುವಿನ ಮಾತುಕತೆ, ಕೆಮ್ಮು, ‘ಇನ್ನೊಂದು ಹೇಳ್ರಿ’ ಅನ್ನುವ ಕೂಗು ಸಮೇತ ಇಡ್ರಿ. ಒಂದು ಮೈಕಿನ ರಿಕಾರ್ಡಿಂಗ್ ಆದ್ದರಿಂದ ಮೋನೋ ಸಾಕು. 60 ನಿಮಿಷದ 60 ಕ್ಯಾಸೆಟ್ ಕುಗ್ಗಿಸದ ಮೋನೋ ವೇವ್ ಫೈಲಿನಲ್ಲಿ ಸುಮಾರು 19 ಜಿಬಿ ಆಗುತ್ತದೆ, ಫ್ಲಾಕ್‌ನಲ್ಲಿ ಅದರ ಅರ್ಧದ ಆಸುಪಾಸು. ಇದರ ಎರಡು ಪ್ರತಿ ಎರಡು ಬೇರೆ ಮನೆಗಳಲ್ಲಿರಲಿ. ಹಂಚಲು ಎಂಪಿ3, ಮೋನೋ, 96 ಕೆಬಿಪಿಎಸ್, ಕಾನ್‌ಸ್ಟೆಂಟ್ ಬಿಟ್‌ರೇಟ್: ಎಲ್ಲಾ ಸೇರಿ 2.6 ಜಿಬಿ. ಓಪಸ್ ಅನ್ನುವ ಫಾರ್ಮ್ಯಾಟ್ ಇದಕ್ಕಿಂತ ಚಿಕ್ಕದು, ದನಿಯೂ ಚೆಂದ. ಆದರೆ ಹೊಲಕ್ಕೆ ಒಯ್ಯುವ ಬ್ಲೂಟೂತ್ ಸ್ಪೀಕರ್, ಟ್ರ್ಯಾಕ್ಟರಿನ ಪ್ಲೇಯರ್, ಕೀಪ್ಯಾಡ್ ಫೋನುಗಳಿಗೆ ಅದು ತಿಳಿಯುವುದಿಲ್ಲ. ಕೇಳುವವರ ಕೈಯಲ್ಲಿ ಏನಿದೆಯೋ ಅದಕ್ಕೆ ತಕ್ಕಂತೆ ಫಾರ್ಮ್ಯಾಟ್.

ಹೆಸರಿಡುವಾಗ ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ಸಂಖ್ಯೆ ಮುಂದಿಟ್ಟು ಬರೀರಿ: ಕ್ಯಾಸೆಟ್ 014, ಬದಿ 1, ಪದ 03, ಆಮೇಲೆ ಪಲ್ಲವಿಯ ಎರಡು ಶಬ್ದ. ಕನ್ನಡ ಹೆಸರು, ಹಾಡಿದವರು, ಊರು, ಎಲ್ಲಾ ಟ್ಯಾಗಿನೊಳಗೆ. ಇದಕ್ಕೆ ಎಂಪಿ3ಟ್ಯಾಗ್ ಅಥವಾ ಕಿಡ್3 ಒಳ್ಳೆಯದು. ‘ನುಡಿ’, ‘ಬರಹ’ ಸಾಫ್ಟ್‌ವೇರ್ ಬಳಸುವವರು ಯೂನಿಕೋಡ್‌ನಲ್ಲೇ ಟೈಪ್ ಮಾಡ್ರಿ, ಹಳೇ ಫಾಂಟಿನಲ್ಲಿ ಮಾಡಿದ್ದು ಮೊಬೈಲಿನಲ್ಲಿ ಕಲಸುಮೇಲೋಗರವಾಗಿ ಕಾಣುತ್ತದೆ.

ಊರಿನೊಳಗೆ ಹಂಚಲು ಮೆಮೊರಿ ಕಾರ್ಡಿಗಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಕಾರ್ಡನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡ್ರಿ. ಕ್ಯಾಸೆಟ್ಟಿಗೊಂದು ಫೋಲ್ಡರ್, ಅದರೊಳಗೆ ಮತ್ತೊಂದು ಫೋಲ್ಡರ್ ಬ್ಯಾಡ. ಅಗ್ಗದ ಸ್ಪೀಕರುಗಳು ಹೆಸರಿನ ಕ್ರಮ ನೋಡುವುದಿಲ್ಲ, ಕಾರ್ಡಿಗೆ ಯಾವುದು ಮೊದಲು ಬಿತ್ತೋ ಅದನ್ನು ಮೊದಲು ನುಡಿಸುತ್ತವೆ. ‘ಮಂಗಳಾರತಿ ಮೊದಲು ಬಂತು’ ಅಂತ ಹಿರಿಯರು ಬೇಜಾರಾಗುವುದು ಇದರಿಂದಲೇ. ಖಾಲಿ ಕಾರ್ಡಿಗೆ ಕ್ರಮವಾಗಿ ಕಾಪಿ ಮಾಡ್ರಿ, ಇಲ್ಲವೇ ವಿಂಡೋಸ್‌ನಲ್ಲಿ ಡ್ರೈವ್‌ಸಾರ್ಟ್, ಲಿನಕ್ಸ್‌ನಲ್ಲಿ ಫ್ಯಾಟ್‌ಸಾರ್ಟ್ ಓಡಿಸ್ರಿ. ನಕಲಿ ಕಾರ್ಡ್ ಬಹಳ: ಮೇಲೆ 32 ಜಿಬಿ ಅಂತ ಬರೆದು ಒಳಗೆ 4 ಇರುತ್ತದೆ, ಅದು ತುಂಬಿದ ಮೇಲಿನ ಹಾಡುಗಳು ಹೆಸರಿಗಷ್ಟೇ ಇರುತ್ತವೆ. ಎಚ್2ಟೆಸ್ಟ್‌ಡಬ್ಲ್ಯೂ ಹಾಕಿ ಒಂದು ಸಲ ಪರೀಕ್ಷಿಸಿ ಕೊಡ್ರಿ. ಫೋನಿನಿಂದ ಫೋನಿಗೆ ಆಂಡ್ರಾಯ್ಡಿನ ಕ್ವಿಕ್ ಶೇರ್ ಇದೆ. 2020ರಲ್ಲಿ ನಿಷೇಧವಾದ ಶೇರ್‌ಇಟ್, ಕ್ಸೆಂಡರ್ ಹುಡುಕಿ ಎಲ್ಲಿಂದಲೋ ಇಳಿಸಿಕೊಳ್ಳುವ ಅಗತ್ಯವಿಲ್ಲ.

ದೂರದವರಿಗೆ ಟೆಲಿಗ್ರಾಮ್ ಚಾನೆಲ್ ಮಾಡ್ರಿ. ಹಾಕಿದ ಕ್ರಮ ಉಳಿಯುತ್ತದೆ, ಟ್ಯಾಗಿನ ಕನ್ನಡ ಹೆಸರು ಕಾಣುತ್ತದೆ, ಹೊಸದಾಗಿ ಸೇರಿದವರಿಗೂ ಹಳೇದೆಲ್ಲ ಸಿಗುತ್ತದೆ. ವಾಟ್ಸಾಪೇ ಬೇಕೆಂದರೆ ‘ಆಡಿಯೋ’ ಬಿಟ್ಟು ‘ಡಾಕ್ಯುಮೆಂಟ್’ ಆಗಿ ಕಳಿಸ್ರಿ, ಆಗ ಫೈಲಿನ ಹೆಸರು ಉಳಿಯುತ್ತದೆ. ಆಡಿಯೋ ಆಗಿ ಕಳಿಸಿದರೆ ಅದು ತಾರೀಖು, ನಂಬರಿನ ಹೆಸರಾಗಿ ಬದಲಾಗಿ, ಆಮೇಲೆ ಯಾವ ಪದ ಎಲ್ಲಿದೆಯೆಂದು ಹುಡುಕುವುದೇ ಕಷ್ಟ.

ಯೂಟ್ಯೂಬ್ ಬಗ್ಗೆಯೂ ಕೇಳಿದ್ದೀರಿ. ಹಳೇ ಕಾಲದ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳ ಸಾಹಿತ್ಯಕ್ಕೆ ಕಾಪಿರೈಟ್ ಇಲ್ಲ. 1957ರ ಕಾಯ್ದೆಯಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷದವರೆಗೆ ಮಾತ್ರ ಅದು ಇರುತ್ತದೆ. ಆದರೆ ಕಂಪನಿ ಕ್ಯಾಸೆಟ್ಟಿನ ಧ್ವನಿಮುದ್ರಣಕ್ಕೂ 60 ವರ್ಷದ ಹಕ್ಕಿದೆ. 1985ರಲ್ಲಿ ಬಿಡುಗಡೆಯಾದದ್ದು 2045ರ ಕೊನೆಯವರೆಗೆ ಅವರದೇ. ಅಂಥವು ನಿಮ್ಮ 60ರಲ್ಲಿ ಸೇರಿಕೊಂಡಿದ್ದರೆ ಮನೆಯಲ್ಲಿ ಕೇಳ್ರಿ, ಹಂಚಬ್ಯಾಡ್ರಿ. ಹಾಡಿದವರಿಗೂ ಕಾನೂನಿನಲ್ಲಿ ಹಕ್ಕಿದೆ, ಮೇಳದವರು ಅಥವಾ ಅವರ ಮಕ್ಕಳ ಒಪ್ಪಿಗೆ ಕೇಳಿಯೇ ಸಾರ್ವಜನಿಕವಾಗಿ ಹಾಕ್ರಿ. ಅದೇ ಪದವನ್ನು ಯಾವುದಾದರೂ ಕಂಪನಿ ಹಾಡಿಸಿದ್ದರೆ ಯೂಟ್ಯೂಬಿನ ಯಂತ್ರ ನಿಮ್ಮ ರಿಕಾರ್ಡಿಂಗ್ ಮೇಲೂ ಕ್ಲೇಮ್ ಹಾಕುವುದುಂಟು. ಹೆದರಬ್ಯಾಡ್ರಿ, ‘ಡಿಸ್‌ಪ್ಯೂಟ್’ ಒತ್ತಿ ಇದು ನಮ್ಮದೇ ಧ್ವನಿಮುದ್ರಣ, ಸಾಹಿತ್ಯ ಹಳೆಯದು ಅಂತ ಬರೀರಿ. ಕ್ಲೇಮ್ ಮಾಡಿದವರು 30 ದಿನದೊಳಗೆ ಉತ್ತರಿಸಬೇಕು, ಉತ್ತರ ಬಾರದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ.