ಸಿಒಪಿಡಿಗೆ ಹೊಸ ಇಂಜೆಕ್ಷನ್: ನಮ್ಮ ತಂದೆಗೆ ಆಗುತ್ತದಾ?

ಪ್ರಶ್ನೆ: ತಂದೆಗೆ 68 ವರ್ಷ. ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ಇದೆ. ಮೂರು ಔಷಧಿ ಸೇರಿದ ಇನ್‌ಹೇಲರ್ ತಪ್ಪದೆ ತಗೊಳ್ತಾರೆ. ಆದರೂ ಈ ವರ್ಷ ಎರಡು ಸಲ ಉಸಿರಾಟ ಕೆಟ್ಟು ಆಸ್ಪತ್ರೆ ಸೇರಿದರು. ಹೊಸ ಇಂಜೆಕ್ಷನ್ ಬಂದಿದೆ ಅಂತ ಓದಿದೆ, ಕೊಡಿಸಬಹುದಾ? ಮನೆಯಲ್ಲಿ ಆಕ್ಸಿಜನ್ ಯಂತ್ರವೂ ಇದೆ. ಅದನ್ನು 24 ಗಂಟೆಯೂ ಹಾಕಿಕೊಂಡೇ ಇರಬೇಕಾ?

ಉತ್ತರ: ನೀವು ಓದಿದ್ದು ಬಹುಶಃ ಡುಪಿಲುಮ್ಯಾಬ್ ಬಗ್ಗೆ. ಇಸುಬು, ಆಸ್ತಮಾಗೆ ಮೊದಲೇ ಕೊಡುತ್ತಿದ್ದ ಔಷಧಿ. 2024ರಲ್ಲಿ ಯುರೋಪ್ ಮತ್ತು ಅಮೆರಿಕದಲ್ಲಿ ಸಿಒಪಿಡಿಗೂ ಒಪ್ಪಿಗೆ ಸಿಕ್ಕಿತು. ಎರಡು ದೊಡ್ಡ ಪ್ರಯೋಗಗಳಲ್ಲಿ ಕಾಯಿಲೆ ಕೆರಳುವುದು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಯಿತು. ಹಾಳಾದ ಶ್ವಾಸಕೋಶವನ್ನು ಇದು ಸರಿ ಮಾಡುವುದಿಲ್ಲ, ಸುದ್ದಿಗಳಲ್ಲಿ ಈ ಮಾತು ಸುಮ್ನೆ ಬಿಟ್ಟುಹೋಗುತ್ತದೆ.

ಎಲ್ಲರಿಗೂ ಆಗುವುದೂ ಇಲ್ಲ. ರಕ್ತದಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ಕಣಗಳು ಮೈಕ್ರೊಲೀಟರ್‌ಗೆ 300 ಅಥವಾ ಜಾಸ್ತಿ ಇದ್ದವರನ್ನು, ಅದೂ ಮೂರು ಔಷಧಿ ತಗೊಂಡರೂ ಕಾಯಿಲೆ ಕೆರಳುತ್ತಿದ್ದವರನ್ನು ಮಾತ್ರ ಆ ಪ್ರಯೋಗಗಳಿಗೆ ಸೇರಿಸಿಕೊಂಡಿದ್ದರು. ಹಾಗಾಗಿ ತಂದೆಯವರ ಹಳೆಯ ಸಿಬಿಸಿ (ರಕ್ತಕಣಗಳ ಎಣಿಕೆಯ ಪರೀಕ್ಷೆ) ರಿಪೋರ್ಟ್ ತೆಗೆಯಿರಿ. ಅದರಲ್ಲಿ ಶೇಕಡಾವಾರು ಮಾತ್ರ ಇದ್ದರೆ ಒಟ್ಟು ಬಿಳಿ ಕಣಗಳ ಜೊತೆ ಗುಣಿಸಿ ನೋಡಿ: 8,000ಕ್ಕೆ ಶೇ. 4 ಅಂದರೆ 320. ಆದರೆ ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಕೊಡುತ್ತಿದ್ದಾಗ ತೆಗೆದ ರಿಪೋರ್ಟ್ ನಂಬಬೇಡಿ, ಸ್ಟೀರಾಯ್ಡ್ ಈ ಕಣಗಳನ್ನು ತಗ್ಗಿಸಿಬಿಡುತ್ತದೆ, 400 ಇರಬೇಕಾದವರಿಗೆ 20 ಅಂತ ಬಂದಿರಬಹುದು. ಅವರು ಆರಾಮಾಗಿದ್ದಾಗ ಮಾಡಿಸಿದ್ದು ಬೇಕು. ಇಲ್ಲದಿದ್ದರೆ ಈಗ ಮಾಡಿಸಿ, ಅದನ್ನು ಹಿಡಿದುಕೊಂಡು ಶ್ವಾಸಕೋಶ ತಜ್ಞರ ಹತ್ತಿರ ಹೋಗಿ. ಮೆಪೊಲಿಜುಮ್ಯಾಬ್ ಅಂತ ಇನ್ನೊಂದು ಇಂಜೆಕ್ಷನ್‌ಗೂ 2025ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಅದಕ್ಕೂ ಇದೇ ಕಣಗಳ ಲೆಕ್ಕ ನೋಡುತ್ತಾರೆ.

ಹೋದಾಗ ತಜ್ಞರ ಎದುರಿಗೇ ಒಮ್ಮೆ ಇನ್‌ಹೇಲರ್ ಎಳೆದು ತೋರಿಸಲಿ. ವರ್ಷಗಟ್ಟಲೆ ತಪ್ಪಾಗಿ ಎಳೆಯುವವರು ಬಹಳ ಜನ, ಔಷಧಿ ಗಂಟಲಲ್ಲೇ ಉಳಿದುಬಿಡುತ್ತದೆ.

ಆಕ್ಸಿಜನ್ ವಿಷಯದಲ್ಲಿ ನಿಮಗೆ ಸಮಾಧಾನದ ಸುದ್ದಿ ಇದೆ. ಸ್ವೀಡನ್‌ನಲ್ಲಿ 241 ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ 24 ಗಂಟೆ, ಉಳಿದವರಿಗೆ 15 ಗಂಟೆ ಹಾಕಿಕೊಳ್ಳಲು ಹೇಳಿ ಒಂದು ವರ್ಷ ನೋಡಿದರು. 2024ರಲ್ಲಿ ಫಲಿತಾಂಶ ಬಂತು. ಆಸ್ಪತ್ರೆ ಸೇರುವುದರಲ್ಲಾಗಲಿ ಸಾವಿನಲ್ಲಾಗಲಿ ಹೆಚ್ಚು ಗಂಟೆಯಿಂದ ಲಾಭ ಕಾಣಲಿಲ್ಲ. ನೀವಾಗಿ ಕಡಿಮೆ ಮಾಡಬೇಡಿ, ಡಾಕ್ಟರನ್ನು ಕೇಳಿ. ಅವರು ಹೂಂ ಅಂದರೆ ದಿನಕ್ಕೆ ಒಂಬತ್ತು ಗಂಟೆ ತಂದೆಯವರ ಮೂಗಿಗೆ ಆ ನಳಿಕೆಯಿಂದ ಬಿಡುವು.