ಮಣ್ಣೆತ್ತಿನ ಪುಸ್ತಕದ ಜೊತೆಗೆ ಮಣ್ಣನ್ನೇ ಕೊಡಿ

ಆರು ವರ್ಷದ ಮಗಳಿಗೆ ಮಣ್ಣೆತ್ತಿನ ಅಮಾವಾಸ್ಯೆಯ ಚಿತ್ರಪುಸ್ತಕ ಓದಿ ಹೇಳುವಾಗ ಬಣ್ಣ ತುಂಬುವ ಹಾಳೆಯ ಹೊರತು ಬೇರೇನು ಮಾಡಿಸಬಹುದು ಎಂದು ಕೇಳಿದ್ದೀರಿ. ಹಬ್ಬದ ಹೆಸರಿನಲ್ಲೇ ಉತ್ತರವಿದೆ: ಎತ್ತು ಮಾಡಿಸಿ.

ದಾವಣಗೆರೆಯಲ್ಲಿದ್ದು ಎರೆಮಣ್ಣಿಗೆ ದೂರ ಹೋಗಬೇಕಿಲ್ಲ. ಆದರೆ ಹೊಲದ ಎರೆಯನ್ನು ಹಾಗೆಯೇ ಬಳಸಿದರೆ, ಅದು ನೀರು ಹೀರಿ ಹಿಗ್ಗಿ ಒಣಗುವಾಗ ಕುಗ್ಗುವುದರಿಂದ, ಎತ್ತಿನ ಕಾಲುಗಳು ಬಿರಿದು ಕಳಚುತ್ತವೆ; ಮೊದಲ ವರ್ಷ ನನ್ನ ಮಗನ ಜೋಡೆತ್ತು ಹೀಗೆಯೇ ಕುಂಟಾಗಿ, ಅವನು ಸಂಜೆಯವರೆಗೆ ಅತ್ತಿದ್ದ. ಸ್ವಲ್ಪ ಸಣ್ಣ ಮರಳು ಬೆರೆಸಿ, ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಒಂದು ರಾತ್ರಿ ಇಡಿ. ಮಾಡಿದ ಎತ್ತುಗಳು ನೆರಳಿನಲ್ಲೇ ಒಣಗಲಿ.

ಪುಸ್ತಕವನ್ನು ಪೂರ್ತಿ ಓದಿ ಮುಗಿಸಿ ಆಮೇಲೆ ಮಣ್ಣಿಗೆ ಕೈ ಹಾಕಿಸುವ ಕ್ರಮ ನನಗೆ ಅಷ್ಟು ಒಪ್ಪಿಗೆಯಿಲ್ಲ. ಎತ್ತುಗಳು ಕಾಣಿಸುವ ಪುಟದಲ್ಲೇ ಓದು ನಿಲ್ಲಿಸಿ, ಪುಸ್ತಕವನ್ನು ಮಣ್ಣು ತಾಗದಷ್ಟು ದೂರದಲ್ಲಿ ತೆರೆದಿಟ್ಟು, ಡುಬ್ಬ ಎಲ್ಲಿದೆ, ಕೋಡು ಯಾವ ಕಡೆಗೆ ಬಾಗಿದೆ ಎಂದು ಕೇಳುತ್ತಾ ಹೋದರೆ, ಮಗು ಚಿತ್ರವನ್ನು ಮೊದಲಿಗಿಂತ ಎಚ್ಚರದಿಂದ ನೋಡುತ್ತದೆ. ಕಾಲುಗಳನ್ನು ಬೇರೆಯಾಗಿ ಅಂಟಿಸದೆ, ಒಂದೇ ಮುದ್ದೆಯಿಂದ ಚಿವುಟಿ ಎಳೆಯಲು ತೋರಿಸಿ. ಕಣ್ಣಿಗೆ ಹಿರಿಯರು ಗುಲಗಂಜಿ ಇಡುತ್ತಿದ್ದರು. ಅದರ ಬೀಜ ವಿಷಕಾರಿಯಾದ್ದರಿಂದ ಮೆಣಸಿನ ಕಾಳೇ ಸಾಕು. ಒಂದೇ ಎತ್ತಿಗೆ ನಿಲ್ಲಿಸಬೇಡಿ, ಪೂಜೆ ಜೋಡಿಗೆ. ಜೊತೆಗೆ ಎತ್ತುಗಳು ಮೇವು ತಿನ್ನುವ ಪುಟ್ಟ ಗೋದಲಿಯೂ ಒಂದಿರಲಿ. ಈ ಅಮಾವಾಸ್ಯೆ ಜ್ಯೇಷ್ಠದಲ್ಲಿ, ಮುಂಗಾರು ಬಿತ್ತನೆಯ ಹೊತ್ತಿಗೆ ಬರುವುದೇಕೆ ಎಂಬ ಮಾತನ್ನು ಕೈ ಕೆಲಸದಲ್ಲಿರುವಾಗಲೇ ತೆಗೆಯಿರಿ. ಪುಸ್ತಕದ ಉಳಿದ ಪುಟಗಳನ್ನು ಮರುದಿನ, ಒಣಗುತ್ತಿರುವ ಎತ್ತುಗಳ ಪಕ್ಕದಲ್ಲಿ ಕುಳಿತು ಓದಿ.