ಅಮ್ಮನ ಕೆಲಸ ಏನೆಂದು ಹೇಳಿಕೊಡಲಿ?

(ಶಿಡ್ಲಘಟ್ಟದ ಓದುಗರೊಬ್ಬರು ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ದುಡಿಯುತ್ತಾರೆ. ಆರು ತುಂಬಿದ ಮಗಳನ್ನು ಒಂದನೇ ತರಗತಿಗೆ ಸೇರಿಸಲು ಖಾಸಗಿ ಶಾಲೆಯೊಂದಕ್ಕೆ ಹೋದಾಗ ಮಗುವಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರಂತೆ. ತಾಯಿ ಓದಿದ್ದು ಏಳನೇ ತರಗತಿ ಎಂದು ತಿಳಿದ ಮೇಲೆ, ‘ಮನೆಯಲ್ಲಿ ಹೇಳಿಕೊಡುವವರಿಲ್ಲ’ ಎಂದು ಕಳುಹಿಸಿಬಿಟ್ಟರಂತೆ. ಹೀಗೆ ಮಾಡಬಹುದೇ, ಮುಂದಿನ ಶಾಲೆಯಲ್ಲಿ ‘ಅಮ್ಮ ಟೈಲರ್’ ಎನ್ನಲು ಮಗಳಿಗೆ ಹೇಳಿಕೊಡಲೇ ಎಂಬುದು ಅವರ ಪ್ರಶ್ನೆ.)

ಸೋದರಿ,

ಮಾಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ದಾಖಲಾತಿಗಾಗಿ ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷಿಸಿ ಆರಿಸುವುದು ಅಪರಾಧ. ಮೊದಲ ಸಲಕ್ಕೆ 25 ಸಾವಿರ ರೂಪಾಯಿವರೆಗೆ, ಆಮೇಲೆ ಪ್ರತಿ ಸಲಕ್ಕೆ 50 ಸಾವಿರದವರೆಗೆ ದಂಡವಿದೆ. ಡೊನೇಷನ್ ಪಡೆದರೆ ಪಡೆದ ಮೊತ್ತದ ಹತ್ತು ಪಟ್ಟಿನವರೆಗೂ ದಂಡ ಹಾಕಬಹುದು. ಹೋದ ದಿನ, ಕೇಳಿದ ಪ್ರಶ್ನೆ, ಆಡಿದ ಮಾತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಿ, ಸ್ವೀಕೃತಿ ಪಡೆಯದೆ ಬರಬೇಡಿ. ಅದಕ್ಕೂ ಮೊದಲು ಆ ಶಾಲೆ ಅಲ್ಪಸಂಖ್ಯಾತ ಸಂಸ್ಥೆಯೇ ಎಂದು ವಿಚಾರಿಸಿಕೊಳ್ಳಿ. ಅಂಥ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ.

ಇದೇ ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆಂದು ಮೀಸಲಿಟ್ಟ ಶೇ 25ರ ಉಚಿತ ಸೀಟಿನ ಬಗ್ಗೆಯೂ ಪತ್ರದಲ್ಲಿ ಕೇಳಿದ್ದೀರಿ. ಸರ್ಕಾರಿ ಅಥವಾ ಅನುದಾನಿತ ಶಾಲೆ ಹತ್ತಿರವಿದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲವೆಂದು ರಾಜ್ಯ ಸರ್ಕಾರ ಈ ಹಿಂದೆ ನಿಯಮ ತಿದ್ದಿತು. ಆ ತಿದ್ದುಪಡಿ ಬಡವರ ಬಾಗಿಲನ್ನು ಕಿರಿದು ಮಾಡಿತೆಂದೇ ನನ್ನ ಅಭಿಪ್ರಾಯ. ಆ ಸೀಟಿನ ಮೇಲೆ ಪೂರ್ತಿ ಭರವಸೆ ಇಡದೆ, ನಿಮ್ಮ ವಾರ್ಡಿಗೆ ಯಾವ ಶಾಲೆ ಬರುತ್ತದೆಂದು ಅದೇ ಕಚೇರಿಯಲ್ಲಿ ಕೇಳಿ. ಶುಲ್ಕ ಕಟ್ಟುವುದಾದರೆ ಬಸ್ಸು, ಪುಸ್ತಕ, ಬೂಟು, ವಾರ್ಷಿಕೋತ್ಸವದ ಉಡುಪು ಎಲ್ಲ ಸೇರಿಸಿ ವರ್ಷಕ್ಕೆ ಎಷ್ಟೆಂದು ಬರಹದಲ್ಲಿ ಪಡೆಯಿರಿ. ನಡುವರ್ಷದಲ್ಲಿ ಬಾಕಿಗಾಗಿ ಮಗು ತರಗತಿಯ ಮುಂದೆ ಎದ್ದು ನಿಲ್ಲುವಂತಾಗಬಾರದು.

‘ಅಮ್ಮ ಟೈಲರ್’ ಎನ್ನಲು ಹೇಳಿಕೊಡಲೇ ಎಂಬ ಪ್ರಶ್ನೆ ಓದಿ ಪತ್ರವನ್ನು ಸ್ವಲ್ಪ ಹೊತ್ತು ಕೆಳಗಿಟ್ಟೆ. ‘ರೀಲಿಂಗ್ ಕೆಲಸ’ ಎಂದು ಬರೆದು, ಗೀಟು ಹೊಡೆದು, ಪಕ್ಕದಲ್ಲಿ ‘ಕೂಲಿ’ ಎಂದು ಬರೆದಿದ್ದೀರಿ. ಬೇಡ ತಾಯಿ, ಅದನ್ನು ಹೊಡೆದುಹಾಕಬೇಡಿ. ಕುದಿನೀರಿನ ಬಾಣಲೆಯ ಮುಂದೆ ಕೂತು, ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿದರೂ, ಗೂಡಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯ ತುದಿ ಹಿಡಿದು ನೂರಾರು ಮೀಟರ್ ಬಿಚ್ಚುವವರು ನೀವು. ಇದನ್ನು ಆರು ವರ್ಷದ ಮಗಳು ಮುಚ್ಚಿಡಬೇಕಾದರೆ, ಆ ಗುಟ್ಟನ್ನು ಅವಳು ದಿನವೂ ಪಾಟಿಚೀಲದ ಜೊತೆ ಹೊರಬೇಕಾಗುತ್ತದೆ. ಗೆಳತಿಯನ್ನು ಮನೆಗೆ ಕರೆಯಲು ಹೆದರುತ್ತಾಳೆ, ಪೋಷಕರ ಸಭೆಗೆ ನೀವು ಬರುವುದೇ ಬೇಡ ಎನ್ನುತ್ತಾಳೆ.

ಶಾಲೆಯನ್ನು ನೀವೂ ಪರೀಕ್ಷಿಸಿ. ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಅರ್ಧ ಗಂಟೆ ನಿಲ್ಲಿ. ಶಿಕ್ಷಕರು ಆಯಾರನ್ನು ಹೇಗೆ ಮಾತನಾಡಿಸುತ್ತಾರೆ, ಮೊಪೆಡ್‌ನಲ್ಲಿ ಬಂದ ಅಪ್ಪನಿಗೂ ಕಾರಿನಲ್ಲಿ ಬಂದವರಿಗೂ ಒಂದೇ ನಮಸ್ಕಾರವೇ, ಕನ್ನಡದಲ್ಲಿ ಮಾತಾಡಿದ ಮಗುವನ್ನು ಗದರುತ್ತಾರೆಯೇ ಎಂದು ನೋಡಿ. ನಿಮ್ಮ ಬೀದಿಯ ಸರ್ಕಾರಿ ಶಾಲೆಯ ಮುಂದೆಯೂ ಹೀಗೆಯೇ ಒಂದು ಸಂಜೆ ನಿಲ್ಲಿ. ನೋಡದೆಯೇ ಅದನ್ನು ಬಿಡಬೇಡಿ.

ಯಾವ ಶಾಲೆಯಾದರೂ ಸರಿ, ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ‘ರೇಷ್ಮೆ ನೂಲು ಬಿಚ್ಚಾಣಿಕೆ’ ಎಂದೇ ತುಂಬಿ. ತುಂಬುವಾಗ ಮಗಳು ಪಕ್ಕದಲ್ಲಿರಲಿ.

— ಸಂಪಾದಕ